ಪಿಟ್ಸ್‌ಬರ್ಗಿನ ಹಳದಿ ಸೇತುವೆಗಳು

ಪ್ರಾಜೆಕ್ಟ್ ಕೆಲಸಕ್ಕೆಂದು ಪಿಟ್ಸ್‌ಬರ್ಗಿಗೆ ಬಂದಿದ್ದೇನೆ, ಕ್ರಿಸ್ಮಸ್ಸಿಗೆ ಮುಂಚೆ ವಾಪಸ್. ಗುರುತಿನವರು ಯಾರೂ ಇಲ್ಲದ ಊರು. ಆದರೂ ಇಲ್ಲಿನ ಸೇತುವೆಗಳು ಮನಸ್ಸಿಗೆ ಹಿಡಿಸಿಬಿಟ್ಟಿವೆ. ಅಲೆಗೆನಿ ನದಿಯ ಮೇಲೆ ಒಂದೇ ಅಚ್ಚಿನ ಮೂರು ಹಳದಿ ಸೇತುವೆಗಳು, 1920ರ ದಶಕದಲ್ಲಿ ಕಟ್ಟಿದವು. ಒಂದಕ್ಕೆ ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ ಹೆಸರು, ಇನ್ನೊಂದಕ್ಕೆ ಕಲಾವಿದ ಆಂಡಿ ವಾರ್ಹಾಲ್ ಹೆಸರು. ಮೂರನೆಯದಕ್ಕೆ ಕೀಟನಾಶಕಗಳ ಅಪಾಯವನ್ನು ಲೋಕಕ್ಕೆ ತಿಳಿಸಿದ ರೇಚಲ್ ಕಾರ್ಸನ್ ಹೆಸರು. ಉಕ್ಕಿನ ಕಾರ್ಖಾನೆಗಳ ಹೊಗೆಗೆ ಹೆಸರಾಗಿದ್ದ ಊರು ಅವರನ್ನು ಹೀಗೆ ನೆನೆಯುವುದು ನನ್ನ ಪಾಲಿಗೆ ದೊಡ್ಡ ವಿಷಯ.

ಈಗ ಅಕ್ಟೋಬರ್ ಕೊನೆ. ಫುಟ್‌ಪಾತ್ ಮೇಲೆ ಬಿದ್ದಿದ್ದ ಮೇಪಲ್ ಎಲೆಯೊಂದನ್ನು ಎತ್ತಿಕೊಂಡು ನೋಡಿದೆ. ನರಗಳ ಗುಂಟ ಇನ್ನೂ ಹಸಿರು, ಅಂಚೆಲ್ಲ ಕಡುಗೆಂಪು. ಹಳದಿ ಬಣ್ಣ ಎಲೆಯೊಳಗೆ ಮೊದಲಿನಿಂದಲೇ ಇರುತ್ತದೆ, ಹಸಿರು ಕರಗಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಕೆಂಪನ್ನು ಮಾತ್ರ ಮರ ಈ ದಿನಗಳಲ್ಲೇ ಹೊಸದಾಗಿ ತಯಾರಿಸುತ್ತದೆ. ಉದುರಲಿರುವ ಎಲೆಗೂ ಇಷ್ಟೊಂದು ಆರೈಕೆ!

ಭಾನುವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. 1970ರ ದಶಕದ ದೇವಸ್ಥಾನ, ಅಮೆರಿಕದ ಹಳೆಯವುಗಳಲ್ಲಿ ಒಂದು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದುದು ಕಿವಿಗೆ ಬಿದ್ದು ಹಿರಿಯರೊಬ್ಬರು "ಯಾವೂರಮ್ಮ ನಿಂದು?" ಅಂತ ಹತ್ತಿರ ಬಂದರು. ಹಾಸನ ಅಂದೆ. ಅವರ ಮನೆಯವರು ಅರಸೀಕೆರೆ ಕಡೆಯವರಂತೆ. ಬರುವ ಶನಿವಾರ ಅವರ ಮನೆಯಲ್ಲೇ ಊಟ.