ಮಲ್ಪೆಯ ಎರಡು ರಜೆಗಳು

ವಿಶ್ರಾಂತಿಯೆಂಬುದು ಬಲು ವಿಚಿತ್ರವಾದ ಪದಾರ್ಥ. ಮನೆಯಲ್ಲಿ ಮೆತ್ತನೆಯ ಹಾಸಿಗೆಯಿದ್ದೂ ದೊರೆಯದ ಅದನ್ನು ಅರಸಿಕೊಂಡು ಮನುಷ್ಯನು ರಾತ್ರಿಯಿಡೀ ನಿದ್ದೆಗೆಟ್ಟು ಪ್ರಯಾಣ ಮಾಡಬಲ್ಲ. ಸಂಜೆ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಘಟ್ಟದ ತಿರುವುಗಳಲ್ಲಿ ತೂಕಡಿಸಿ, ಸುಮಾರು 400 ಕಿಲೋಮೀಟರು ಕಳೆದು ಬೆಳಗಿನ ಜಾವ ಉಡುಪಿಯಲ್ಲಿಳಿದರೆ, ಅಲ್ಲಿಂದ ಪಶ್ಚಿಮಕ್ಕೆ 6 ಕಿಲೋಮೀಟರಿನಷ್ಟು ದೂರದಲ್ಲಿ ಮಲ್ಪೆ. ಡಿಸೆಂಬರಿನ ರಜೆಯಲ್ಲಿ ಈ ದಾರಿ ಹಿಡಿಯುವ ಗೃಹಸ್ಥರು ಅನೇಕರು. ಅಂಥವರಲ್ಲೊಬ್ಬರು ಪತ್ನೀಸಮೇತರಾಗಿ ಅಲ್ಲಿಗೆ ಬಂದರು. ನಾಲ್ಕು ದಿನ ಏನನ್ನೂ ಮಾಡಬಾರದೆಂಬುದು ಅವರ ಸಂಕಲ್ಪ.

ಮೊದಲ ದಿನ ಸಂಕಲ್ಪಕ್ಕೆ ಭಂಗ ಬರಲಿಲ್ಲ. ಊರಿನ ಹೊಸ್ತಿಲಲ್ಲೇ ಎದುರಾದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ಗೃಹಸ್ಥರು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಜೊತೆಗೆ ಬಂಗುಡೆಯ ಪುಳಿಮುಂಚಿ ಬಡಿಸಿದೊಡನೆ ಆ ವಾಸನೆಯನ್ನು ಮರೆತರು. ವಡಭಾಂಡೇಶ್ವರದಲ್ಲಿ ಬಲರಾಮನ ದರ್ಶನವಾಯಿತು. 13ನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಇದೇ ತೀರದಲ್ಲಿ ನಿಂತು ಕಾಪಾಡಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಹೆಂಟೆಯೊಳಗೆ ಉಡುಪಿಯ ಕೃಷ್ಣವಿಗ್ರಹ ದೊರೆಯಿತೆಂದೂ ಐತಿಹ್ಯ. ಉಡುಪಿಯ ದೇವರೂ ಮಲ್ಪೆಯ ಕಡಲಿನಿಂದಲೇ ಬಂದವನು ಎಂಬುದು ಗೃಹಸ್ಥರ ಪತ್ನಿಗೆ ಬಹಳ ಹಿಡಿಸಿತು.

ಎರಡನೆಯ ದಿನ ದೋಣಿಯೇರಿ ಸೈಂಟ್ ಮೇರಿಸ್ ದ್ವೀಪಕ್ಕೆ ಹೋದರು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಈ ಹೆಸರಿಟ್ಟನೆಂದು ಹೇಳಿಕೆ. ದ್ವೀಪದ ನಿಜವಾದ ಪ್ರಾಚೀನತೆ ಅದರ ಕಲ್ಲುಗಳಲ್ಲಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಕಾಲದಲ್ಲಿ, ಭೂಮಿಯೊಡಲಿನಿಂದ ಉಕ್ಕಿದ ಲಾವಾರಸವು ತಣಿಯುತ್ತ ಕುಗ್ಗಿ, ಸೀಳಿ, ಐದಾರು ಮುಖಗಳ ಕಂಬಗಳಾಗಿ ನಿಂತಿತು. ಯಾರೋ ಶಿಲ್ಪಿ ಕಡೆದು ಜೋಡಿಸಿದಂತೆ ಕಾಣುವ ಆ ಕಂಬಗಳ ಮೇಲೆ ಕುಳಿತು ದಂಪತಿಗಳು ಬುತ್ತಿಯ ಊಟ ಮಾಡಿದರು. ಇಷ್ಟಾದರೆ ಪ್ರವಾಸ ಸಾರ್ಥಕವೆಂದು ಹೇಳುವವರೇ ಹೆಚ್ಚು.

ಮೂರನೆಯ ದಿನ ನಸುಕಿನಲ್ಲಿ ಎಚ್ಚರವಾದಾಗ ಇಬ್ಬರೂ ಮರಳದಂಡೆಯನ್ನು ಬಿಟ್ಟು, ಹೊಳೆ ಕಡಲನ್ನು ಸೇರುವ ಕಡೆಗಿರುವ ಬಂದರಿನತ್ತ ನಡೆದರು. ದಂಡೆಯಲ್ಲಿ ಇನ್ನೂ ನಿದ್ದೆ. ದಕ್ಕೆಯಲ್ಲಿ ಆಗಲೇ ನಡುಹಗಲಿನ ಗದ್ದಲ. ಬಂದ ದೋಣಿಗಳಿಂದ ಬುಟ್ಟಿಬುಟ್ಟಿಯಾಗಿ ಮೀನು ಇಳಿಯುತ್ತಿತ್ತು. ಒಂದು ಕಡೆ ಏಲಂ ಕೂಗು, ಇನ್ನೊಂದು ಕಡೆ ಮಂಜುಗಡ್ಡೆ ಒಡೆಯುವ ಸದ್ದು, ನಡುವೆ ಬುಟ್ಟಿ ಹೊತ್ತು ದಾರಿ ಬಿಡಿಸಿಕೊಳ್ಳುವ ಹೆಂಗಸರು. ಅವರಲ್ಲೊಬ್ಬಾಕೆ ಬುಟ್ಟಿಯನ್ನಿಳಿಸಿ, ಹೊಸ ಮುಖವನ್ನು ಕಂಡು ನಕ್ಕಳು.

“ರಜೆಯಲ್ಲಿ ಬಂದದ್ದಾ, ಅಮ್ಮಾ?”

“ಹೌದಮ್ಮ, ನಾಲ್ಕು ದಿನ. ನಿಮಗೆ ರಜೆ ಯಾವಾಗ?”

“ನಮ್ಮ ರಜೆ ಮಳೆಗಾಲದಲ್ಲಿ. ಆಗ ನೀವು ಬರುದಿಲ್ಲ.”

ಆಕೆ ಬುಟ್ಟಿಯನ್ನೆತ್ತಿಕೊಂಡು ಹೊರಟುಹೋದಳು. ಮಾತು ಅಲ್ಲಿಯೇ ಉಳಿಯಿತು.

ಮಲ್ಪೆಗೆ ರಜೆಯುಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯಕೂಡದೆಂದು ಕಾನೂನು. ಬಹುತೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಕಡಲು ಕೆರಳುವ ಕಾಲವೂ ಅದೇ. ಆಗ ದೋಣಿಗಳು ಒತ್ತೊತ್ತಾಗಿ ಹೊಳೆಯಲ್ಲಿ ನಿಲ್ಲುತ್ತವೆ, ಹರಿದ ಬಲೆಗಳು ಅಂಗಳಕ್ಕೆ ಬರುತ್ತವೆ, ದೂರದೂರದಿಂದ ಬಂದ ಕೆಲಸಗಾರರು ಊರಿಗೆ ಮರಳುತ್ತಾರೆ. ಸಣ್ಣ ನಾಡದೋಣಿಗಳಿಗೆ ವಿನಾಯಿತಿಯುಂಟಾದರೂ ಅವುಗಳ ಸಾಹಸವನ್ನು ಅಲೆಗಳೇ ಅಳೆಯುತ್ತವೆ. ಹಿಡಿದ ಮೀನಿನಲ್ಲಿ ಪಾಲು ಪಡೆದು ದುಡಿಯುವವನಿಗೆ ಮೀನಿಲ್ಲದ ದಿನ ಪಾಲೂ ಇಲ್ಲ. ಹೆಂಗಸರು ಬೇಸಗೆಯಲ್ಲಿ ಒಣಗಿಸಿಟ್ಟ ಮೀನನ್ನು ಮಾರಿ ದಿನ ದೂಡುತ್ತಾರೆ. ಕಡೆಗೆ ಹಾಲು, ಹೂವು, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸಿ ಸಮುದ್ರಪೂಜೆ ಮಾಡಿ, ಪುನಃ ನೀರಿಗಿಳಿಯುತ್ತಾರೆ. ಪ್ರವಾಸಿಯ ರಜೆ ಸಂಬಳದ ರಜೆ. ಮಲ್ಪೆಯದು ಉಪವಾಸಕ್ಕೆ ಹತ್ತಿರವಾದ ರಜೆ.

ಈ ದುಡಿಮೆಯ ರೀತಿಯಾದರೂ ಹಿಂದಿನಿಂದ ಹೀಗೆಯೇ ಬಂದುದಲ್ಲ. ಹಿಂದೆ ಈ ತೀರದ ಮೊಗವೀರರಿಗೆ ರಂಪಣಿಯೆಂಬ ಬೃಹತ್ ಬಲೆಯೇ ಆಧಾರವಾಗಿತ್ತು. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಬಂಗುಡೆ, ಬೂತಾಯಿಗಳ ಹಿಂಡನ್ನು ಸುತ್ತುವರಿದು, ಎರಡು ತುದಿಗಳನ್ನೂ ದಂಡೆಗೆ ತಂದು ಹತ್ತಾರು ಜನ ಒಟ್ಟಾಗಿ ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಯಿಂದ ಬೀಸುವ ಪರ್ಸಿನ್ ಬಲೆ ಬಂದಿತು. ಮೀನಿನ ಹಿಂಡು ದಂಡೆಯ ಬಳಿಗೆ ಬರುವ ಮೊದಲೇ ಅದನ್ನು ನಡುಗಡಲಿನಲ್ಲಿ ಹಿಡಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು. ಈಗ ಅದರ ತಂಗಿಯಂತಿರುವ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ದಂಡೆಯಲ್ಲಿ ನಿಂತು ದುಡಿಯುತ್ತಿದ್ದವರ ಮಕ್ಕಳು ದಂಡೆ ಕಾಣದಷ್ಟು ದೂರಕ್ಕೆ ಹೋಗಬೇಕಾಯಿತು. ಆಳಸಮುದ್ರಕ್ಕೆ ಹೋದ ದೋಣಿ ಮರಳಲು ಹತ್ತು ದಿನವೂ ಹಿಡಿಯುತ್ತದೆ.

ಕೆಲವೊಮ್ಮೆ ಮರಳುವುದೂ ಇಲ್ಲ. 2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ದೋಣಿ ಮಲ್ಪೆಯಿಂದ ಹೊರಟಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಅದರಲ್ಲಿದ್ದರು. ಎರಡು ದಿನಗಳ ತರುವಾಯ ಮಹಾರಾಷ್ಟ್ರದ ಕಡಲಿನಲ್ಲಿ ಅದರ ಸಂಪರ್ಕ ಕಡಿಯಿತು. ಹಡಗುಗಳೂ ವಿಮಾನಗಳೂ ಹುಡುಕಿದುವು. ಜೊತೆಯ ಮೀನುಗಾರರು ಹುಡುಕಿದರು. 2019ರ ಜನವರಿಯಲ್ಲಿ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಹೆದ್ದಾರಿಗೆ ಬಂದು, ತಮ್ಮವರನ್ನು ಹುಡುಕಿಕೊಡಿರೆಂದು ಕೇಳಿದರು. ಮೇ ತಿಂಗಳಿನಲ್ಲಿ ಮಾಲ್ವಣದ ಕಡಲಾಳದಲ್ಲಿ ನೌಕಾಪಡೆಗೆ ದೋಣಿಯ ಅವಶೇಷ ಕಂಡಿತು. ಏಳು ಮಂದಿ ಮನೆಗೆ ಬರಲಿಲ್ಲ. ಆ ಐದು ತಿಂಗಳೂ ಮಲ್ಪೆಯ ದಂಡೆಯಲ್ಲಿ ಪ್ರವಾಸಿಗಳಿದ್ದರು, ಸೂರ್ಯಾಸ್ತಗಳಿದ್ದುವು. ಕಡಲನ್ನು ನೋಡುತ್ತ ನಿಂತವರಲ್ಲಿ ಯಾರು ಚೆಲುವನ್ನು ನೋಡುತ್ತಿದ್ದರು, ಯಾರು ದೋಣಿಯನ್ನು ಎದುರು ನೋಡುತ್ತಿದ್ದರು ಎಂಬುದು ಹಿಂದಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಪ್ರವಾಸಿಯು ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿಲ್ಲ. ಅವನ ಹಣದಿಂದ ಆಟೋರಿಕ್ಷಾ ಓಡುತ್ತದೆ, ಹೋಟೆಲಿನ ಒಲೆ ಉರಿಯುತ್ತದೆ, ದ್ವೀಪದ ದೋಣಿ ನಡೆಯುತ್ತದೆ. ದುಡಿದು ದಣಿದವನಿಗೆ ಕಡಲಗಾಳಿಯ ಮೇಲೆ ಹಕ್ಕಿಲ್ಲವೆಂದು ಮೀನುಗಾರನೂ ಹೇಳಲಾರ. ತನ್ನ ವಿಶ್ರಾಂತಿಯ ಊರು ಮತ್ತೊಬ್ಬರ ದುಡಿಮೆಯ ಊರೆಂಬುದು ನೆನಪಿನಲ್ಲಿದ್ದರೆ ಸಾಕು. ಆ ನೆನಪಿನಿಂದ ವಿಶ್ರಾಂತಿಯ ಸುಖವೇನೂ ಕಡಮೆಯಾಗುವುದಿಲ್ಲ.

ಕಡೆಯ ರಾತ್ರಿ ಗೃಹಸ್ಥರೂ ಅವರ ಪತ್ನಿಯೂ ಮರಳಿನ ಮೇಲೆ ಕುಳಿತಿದ್ದರು. ದೂರದಲ್ಲಿ, ನೀರೂ ಆಕಾಶವೂ ಕೂಡುವೆಡೆಯಲ್ಲಿ, ದೋಣಿಗಳ ದೀಪಗಳು ಸಾಲಾಗಿ ಮಿನುಗುತ್ತಿದ್ದುವು. ಮೊದಲ ರಾತ್ರಿ ಅವುಗಳನ್ನು ಕಂಡು “ದೀಪಾವಳಿಯಂತಿದೆ” ಎಂದಿದ್ದ ಆಕೆ, ಈಗ ಮಾತನಾಡದೆ ಒಂದೊಂದಾಗಿ ಎಣಿಸುತ್ತಿದ್ದರು.

“ಎಷ್ಟಾಯಿತು?” ಎಂದು ಗೃಹಸ್ಥರು ಕೇಳಿದರು.

“ಹದಿನೇಳು. ಬೆಳಗಾಗುವುದರೊಳಗೆ ಎಲ್ಲರೂ ಬಂದರೆ ಚೆನ್ನಾಗಿತ್ತು” ಎಂದರು ಆಕೆ.