ಮೋಟಾರಿಲ್ಲದ ಲೇಕು

ಹೋದ ಬೇಸಿಗೆಯಲ್ಲಿ ಲೇಕ್ ಜಾರ್ಜ್‌ಗೆ ಹೋಗಿ ಕೆಟ್ಟೆವು ಮಾರಾಯ್ರೆ. ಪಕ್ಕದಲ್ಲೇ ಹಾದುಹೋದ ಮೋಟಾರ್ ಬೋಟಿನ ಅಲೆಗೆ ನಮ್ಮ ಕಯಾಕು ಮಗುಚಿಕೊಂಡಿತು. ಲೈಫ್ ಜಾಕೆಟ್ ಇತ್ತು, ಏನೂ ಆಗಲಿಲ್ಲ. ಆದರೆ ಮಗಳು ಅವತ್ತಿನಿಂದ ಕಯಾಕಿನ ಹೆಸರೆತ್ತಿದರೆ ಎದ್ದು ಹೋಗ್ತಾಳೆ.

ಹಾಗಾಗಿ ಈ ಸಲ ಜಾಗ ಹುಡುಕುವಾಗ ಬಿಸಿನೀರು, ಕರೆಂಟು ಯಾವುದನ್ನೂ ನೋಡಲಿಲ್ಲ. ಒಂದೇ ಪ್ರಶ್ನೆ: ಅಲ್ಲಿ ಮೋಟಾರ್ ಬೋಟ್ ಬಿಡ್ತಾರಾ? ಅದೇ ಆಡಿರಾಂಡಾಕ್ ಸೀಮೆಯ ಲಿಟಲ್ ಟಪ್ಪರ್ ಲೇಕಿನಲ್ಲಿ ಬಿಡಲ್ಲ. ವಿಟ್ನಿ ಮನೆತನದ ಖಾಸಗಿ ಆಸ್ತಿಯಾಗಿದ್ದದ್ದನ್ನು 1990ರ ದಶಕದ ಕೊನೆಗೆ ನ್ಯೂಯಾರ್ಕ್ ರಾಜ್ಯ ಕೊಂಡುಕೊಂಡಿತು. ಟೆಂಟು ಹಾಕೋ ಜಾಗಗಳು ದಡದಲ್ಲಿ, ದ್ವೀಪಗಳಲ್ಲಿ ಚದುರಿಕೊಂಡಿವೆ. ಹೆಚ್ಚಿನವಕ್ಕೆ ಹುಟ್ಟು ಹಾಕಿಕೊಂಡೇ ಹೋಗಬೇಕು. ನಲ್ಲಿ ಇಲ್ಲ. "ಮತ್ತೆ ಟಾಯ್ಲೆಟ್ಟು?" ಅಂದಳು ಹೆಂಡತಿ. ಗುಂಡಿ ಕಕ್ಕಸು ಅಂದೆ. ಅಜ್ಜನ ಮನೇಲಿ ಇರಲಿಲ್ವಾ!

ಒಂದೇ ತಕರಾರು, ಗಾಳಿ. ಲೇಕು ಉದ್ದಕ್ಕಿದೆ, ಗಾಳಿ ಎದ್ದರೆ ಅಲೆಗೆ ಮೋಟಾರೇ ಬೇಕಂತಿಲ್ಲ. ಅದಕ್ಕೇ ದ್ವೀಪದ ಆಸೆ ಬಿಟ್ಟೆ. ಬೆಳಿಗ್ಗೆ ಬೇಗ ಹೊರಟು, ಹತ್ತಿರದ ದಡದಲ್ಲಿ ಸಿಕ್ಕ ಮೊದಲ ಜಾಗದಲ್ಲೇ ಟೆಂಟು.

ನಿನ್ನೆ ಮಗಳಿಗೆ ಲೂನ್ ಹಕ್ಕಿಯ ಕೂಗು ಕೇಳಿಸಿದೆ. ಎರಡು ಸಲ ಕೇಳಿದಳು. ಆಮೇಲೆ ಷರತ್ತು ಹಾಕಿದಳು: ದಡ ಬಿಟ್ಟು ದೂರ ಹೋಗಬಾರದು, ಅಪ್ಪ ಹಾಡು ಹೇಳಬಾರದು.

ಎರಡಕ್ಕೂ ಒಪ್ಪಿದ್ದೇನೆ..