ಫ್ಯಾರಡೆಯ ಭಾನುವಾರಗಳು

ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿಗೆ ಮೈಕೇಲ್ ಫ್ಯಾರಡೆ ಎಂದರೆ ಒಂದು ತಂತಿಯ ಸುರುಳಿ, ಅದರೊಳಗೆ ಹೋಗಿ ಬರುವ ಆಯಸ್ಕಾಂತ, ಪಕ್ಕದಲ್ಲಿ ಮುಳ್ಳು ಅಲುಗಾಡಿಸುವ ಗ್ಯಾಲ್ವನೋಮೀಟರ್. ಪರೀಕ್ಷೆಗೆ ಅಷ್ಟು ಸಾಕು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಇದೇ ತತ್ತ್ವದ ಬಲದಿಂದ ಎಂದು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಆದರೆ ವಾರವಿಡೀ ಪ್ರಯೋಗಶಾಲೆಯಲ್ಲಿ ಮುಳುಗಿರುತ್ತಿದ್ದ ಆ ಮನುಷ್ಯ ಭಾನುವಾರ ಎಲ್ಲಿಗೆ ಹೋಗುತ್ತಿದ್ದ, ಅಲ್ಲಿ ಅವನಿಗೆ ಏನು ಸಿಗುತ್ತಿತ್ತು ಎಂಬ ಸಂಗತಿ ಪಠ್ಯಪುಸ್ತಕದ ಪರಿಧಿಗೆ ಬರುವುದಿಲ್ಲ. ಅವನ ಬದುಕು ಅರ್ಥವಾಗಬೇಕಾದರೆ ಅದನ್ನೂ ತಿಳಿಯಬೇಕು.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಅಂಚಿನ ನ್ಯೂಯಿಂಗ್ಟನ್‌ನಲ್ಲಿ. ತಂದೆ ಕಮ್ಮಾರ. ಮೈಯಲ್ಲಿ ಆರೋಗ್ಯವಿಲ್ಲದ ಕಮ್ಮಾರನ ಮನೆ ಹೇಗಿದ್ದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಧಾನ್ಯದ ಬೆಲೆ ಗಗನಕ್ಕೇರಿದ 1801ರಲ್ಲಿ ಒಂಬತ್ತು ವರ್ಷದ ಮೈಕೇಲನ ಪಾಲಿಗೆ ಬರುತ್ತಿದ್ದುದು ಇಡೀ ವಾರಕ್ಕೆ ಒಂದೇ ಒಂದು ಬ್ರೆಡ್ಡು. ಇಂಥ ಮನೆ ಕುಸಿಯದೆ ನಿಂತದ್ದಕ್ಕೆ ತಾಯಿಯ ದುಡಿಮೆ ಒಂದು ಕಾರಣ, ಆ ಕುಟುಂಬ ಸೇರಿದ್ದ ಪುಟ್ಟ ಸಭೆ ಇನ್ನೊಂದು.

ಸ್ಯಾಂಡಿಮನ್ ಪಂಥ ಎಂಬ ಹೆಸರಿನ ಈ ಕ್ರೈಸ್ತ ಸಭೆ ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ್ದು. ಸಂಬಳದ ಪಾದ್ರಿಗಳಿರಲಿಲ್ಲ. ಸದಸ್ಯರಲ್ಲೇ ಆರಿಸಿದ ಹಿರಿಯರು ಸತ್ಯವೇದ ಓದುತ್ತಿದ್ದರು, ಬೋಧಿಸುತ್ತಿದ್ದರು. ಹಣ ಕೂಡಿಡಬೇಡಿ ಎಂಬ ಯೇಸುವಿನ ಮಾತನ್ನು ಇವರು ಅಕ್ಷರಶಃ ಪಾಲಿಸುತ್ತಿದ್ದರು. ಭಾನುವಾರದ ಎರಡು ಆರಾಧನೆಗಳ ನಡುವೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಅದಕ್ಕೆ ಪ್ರೇಮಭೋಜನ ಎಂದು ಹೆಸರು. ಕಾಯಿಲೆ ಬಿದ್ದವರ ಮನೆಗೆ ಹೋಗುವುದು, ಇಲ್ಲದವರಿಗೆ ಕೊಡುವುದು ಸಭೆಯ ಕೆಲಸವೇ ಆಗಿತ್ತು. ವಾರಕ್ಕೊಂದು ಬ್ರೆಡ್ಡಿನಲ್ಲಿ ದಿನ ದೂಡಿದ ಹುಡುಗನಿಗೆ ಧರ್ಮ ಮೊದಲು ಎದುರಾದದ್ದು ಹೀಗೆ, ನಾಲ್ಕು ಜನರ ಜೊತೆ ಕೂತು ಉಂಡ ಊಟವಾಗಿ. ಮುಂದೆ ಅವನ ವಿಶ್ವಾಸದಲ್ಲಿ ಒಣ ವಾದ ಕಡಿಮೆ, ನೆಮ್ಮದಿ ಹೆಚ್ಚು ಕಾಣುವುದಕ್ಕೆ ಇದೇ ಮೂಲವಿರಬೇಕು.

ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕ ಬೈಂಡಿಂಗ್ ಕಲಿಯಲು ಸೇರಿದ್ದು, ಹಮ್‌ಫ್ರಿ ಡೇವಿಯ ಉಪನ್ಯಾಸ ಕೇಳಿ ಟಿಪ್ಪಣಿಗಳಿಗೆ ಅಂದವಾಗಿ ರಟ್ಟು ಕಟ್ಟಿ ಅವನಿಗೇ ಕಳಿಸಿದ್ದು, 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನಾದದ್ದು — ಇವೆಲ್ಲ ಮಕ್ಕಳಿಗೆ ಗೊತ್ತಿರುವ ಕಥೆ. ಗೊತ್ತಿಲ್ಲದ್ದು 1821ರ ಕಥೆ.

ಆ ವರ್ಷದ ಜೂನ್‌ನಲ್ಲಿ ಅದೇ ಸಭೆಯ ಸಾರಾ ಬರ್ನಾರ್ಡ್‌ಳನ್ನು ಅವನು ಮದುವೆಯಾದ. ಮರುತಿಂಗಳೇ ಸಭೆಯ ಮುಂದೆ ನಿಂತು ತನ್ನ ವಿಶ್ವಾಸವನ್ನು ಅರಿಕೆ ಮಾಡಿಕೊಂಡು ಪೂರ್ಣ ಸದಸ್ಯನಾದ. ವಿದ್ಯುತ್ತು ಹರಿಯುವ ತಂತಿ ಆಯಸ್ಕಾಂತದ ಸುತ್ತ ಸುತ್ತುವುದನ್ನು ತೋರಿಸಿ ಅಕ್ಟೋಬರ್‌ನಲ್ಲಿ ಲೇಖನ ಪ್ರಕಟಿಸಿದ. ಇಂದಿನ ಮೋಟಾರುಗಳೆಲ್ಲದರ ಪೂರ್ವಜ ಅದು. ಮೆಚ್ಚುಗೆಯ ಬೆನ್ನಿಗೇ ಅಪವಾದವೂ ಬಂತು. ಹಿರಿಯ ವಿಜ್ಞಾನಿ ವೊಲಾಸ್ಟನ್ ಯೋಚಿಸುತ್ತಿದ್ದುದನ್ನು ಈ ಹುಡುಗ ಕದ್ದಿದ್ದಾನೆ ಎಂಬ ಗುಸುಗುಸು ಎದ್ದಿತು. ಫ್ಯಾರಡೆ ತಾನೇ ವೊಲಾಸ್ಟನ್‌ಗೆ ಪತ್ರ ಬರೆದು ಭೇಟಿಗೆ ಅವಕಾಶ ಕೇಳಿದ. ವೊಲಾಸ್ಟನ್ ದ್ವೇಷ ಸಾಧಿಸಲಿಲ್ಲ. ಆದರೆ ಕೈಹಿಡಿದು ಮೇಲೆತ್ತಿದ ಡೇವಿಯ ಮನಸ್ಸು ಮುರಿಯಿತು. ರಾಯಲ್ ಸೊಸೈಟಿಗೆ ಫ್ಯಾರಡೆಯ ಹೆಸರು ಬಂದಾಗ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದ. 1824ರಲ್ಲಿ ಆಯ್ಕೆಯೇನೋ ಆಯಿತು. ಗುಪ್ತ ಮತದಾನದಲ್ಲಿ ವಿರುದ್ಧ ಬಿದ್ದದ್ದು ಒಂದೇ ಮತ. ಅದು ಯಾರದೆಂದು ಊಹಿಸುವವರು ಊಹಿಸಿಕೊಳ್ಳಲಿ. ಗುರುವಿನ ಪ್ರೀತಿ ತಪ್ಪಿಹೋದ ನೋವು ಕಿರಿಯರಿಗೆ ಚಿಕ್ಕದಲ್ಲ. ಬೆಂಚಿನ ಪಕ್ಕದ ಗೆಳೆಯ ಮಾತು ಬಿಟ್ಟನೆಂದು ಊಟ ಬಿಡುವ ವಯಸ್ಸಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಫ್ಯಾರಡೆಯ ಪಾಲಿಗೆ ಒಂದು ಆಸರೆ ಇತ್ತು: ಅವನ ಸಂಶೋಧನೆ ಯಾರದೆಂದು ಯಾರೂ ಕೇಳದ, ಅವನ ಹೆಸರು ಎಷ್ಟು ದೊಡ್ಡದೆಂದು ಯಾರೂ ಅಳೆಯದ ಆ ಸಭೆಯ ಬೆಂಚು. ಡೇವಿಯ ಬಗ್ಗೆ ಅವನು ಕೊನೆಯವರೆಗೂ ಗೌರವದಿಂದಲೇ ಮಾತಾಡಿದ.

ಮುಂದೆ ಬಂದದ್ದು ಕಾಯಿಲೆ. 1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದು ಕೀರ್ತಿಯ ತುದಿಗೇರಿದವನು ಆ ದಶಕ ಮುಗಿಯುವಷ್ಟರಲ್ಲಿ ತಲೆಸುತ್ತು, ತಲೆನೋವು, ಮರೆವುಗಳಿಂದ ಕುಸಿದ. ಪ್ರಯೋಗಶಾಲೆಯ ಪಾದರಸವೇ ಕಾರಣವಿರಬಹುದೆಂದು ಕೆಲವರು ಹೇಳುವುದುಂಟು. ಅದು ಬರೀ ಊಹೆ. 1841ರಲ್ಲಿ ಸಾರಾ ಅವನನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದಳು. ನೆನಪು ಕೈಕೊಟ್ಟರೂ ಕಾಲು ಕೈಕೊಟ್ಟಿರಲಿಲ್ಲ! ಬೆಟ್ಟದ ದಾರಿಗಳಲ್ಲಿ ದಿನವಿಡೀ ನಡೆಯುತ್ತಿದ್ದ. ಅಲ್ಲಿ ಮೊಳೆ ಹೊಡೆಯುತ್ತಿದ್ದ ಒಂದು ಕುಲುಮೆ ಕಂಡು ತನ್ನ ತಂದೆಯನ್ನು ನೆನೆದು ದಿನಚರಿಯಲ್ಲಿ ಬರೆದುಕೊಂಡ. ಕಾಯಿಲೆ ಪೂರ್ತಿ ವಾಸಿಯಾಗಲಿಲ್ಲ. ಪ್ರಾರ್ಥನೆಯಿಂದ ನೆನಪು ಮರಳಿತು ಎಂದು ಅವನೆಂದೂ ಹೇಳಲಿಲ್ಲ. ಪ್ರಯೋಗದ ಟಿಪ್ಪಣಿಗಳಿಗೆ ಅನುಕ್ರಮ ಸಂಖ್ಯೆ ಹಾಕುವ ಅಭ್ಯಾಸ ಮೊದಲೇ ಇತ್ತು. ಮರೆವಿನ ಕಾಲದಲ್ಲಿ ಅದೇ ಊರುಗೋಲಾಯಿತು. ಆ ಸಂಖ್ಯೆ ಕೊನೆಗೆ 16 ಸಾವಿರ ದಾಟಿತು. ವಿಶ್ವಾಸ ಮಾಡುವ ಕೆಲಸವನ್ನು ವಿಶ್ವಾಸಕ್ಕೆ ಬಿಟ್ಟು, ನೋಟ್‌ಬುಕ್ ಮಾಡುವ ಕೆಲಸವನ್ನು ನೋಟ್‌ಬುಕ್ಕಿಗೆ ಬಿಟ್ಟ ಈ ವಿವೇಕ ಎಲ್ಲ ಭಕ್ತರಿಗೂ ಇರುವುದಿಲ್ಲ.

ಇನ್ನು ಅವನ ಭಕ್ತಿಯನ್ನು ಹೊಗಳುವವರು ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಪುಟವಿದೆ. 1840ರಲ್ಲಿ ಹಿರಿಯನಾಗಿ ಆಯ್ಕೆಯಾಗಿದ್ದ ಫ್ಯಾರಡೆಯನ್ನು 1844ರ ಮಾರ್ಚ್ 31ರಂದು ಅವನ ಸಭೆಯೇ ಹೊರಗೆ ಹಾಕಿತು. ಭಾನುವಾರ ರಾಣಿಯ ಮನೆಯ ಊಟಕ್ಕೆ ಹೋಗಿದ್ದೇ ಕಾರಣ ಎಂಬ ಕಥೆ ಬಹಳ ಕಾಲ ಓಡಾಡಿತು. ಅದಕ್ಕೆ ಗಟ್ಟಿ ಆಧಾರವಿಲ್ಲ. ಸಭೆಯ ಒಳಗಿನ ಶಿಸ್ತಿನ ಜಗಳವೊಂದರಲ್ಲಿ ಇನ್ನೂ ಹಲವರ ಜೊತೆ ಅವನೂ ಹೊರಬಿದ್ದ. ಎಲ್ಲ ತೀರ್ಮಾನವೂ ಒಮ್ಮತದಿಂದಲೇ ಆಗಬೇಕೆಂಬ ನಿಯಮದ ಸಭೆಯಲ್ಲಿ ಭಿನ್ನಮತಕ್ಕೆ ಜಾಗ ಕಡಿಮೆ. ಐದು ವಾರಗಳ ನಂತರ, ಮೇ 5ರಂದು, ಅವನನ್ನು ಮತ್ತೆ ಸೇರಿಸಿಕೊಂಡರು. ಹಿರಿಯನ ಸ್ಥಾನ ಮರಳಿ ಬಂದದ್ದು 1860ರಲ್ಲಿ, ಹದಿನಾರು ವರ್ಷದ ನಂತರ! ಆ ನಡುವಿನ ವರ್ಷಗಳಲ್ಲಿ ಅವನು ಹಿಂದಿನ ಸಾಲಿನ ಸಾಮಾನ್ಯ ಸದಸ್ಯನಾಗಿ ಅದೇ ಮನೆಗೆ ಹೋದ. ಇಡೀ ಯೂರೋಪು ಗೌರವಿಸುತ್ತಿದ್ದವನು ಅವನು. ಬೆಳಕಿನ ಮೇಲೆ ಆಯಸ್ಕಾಂತದ ಪ್ರಭಾವವನ್ನು 1845ರಲ್ಲಿ ತೋರಿಸಿದವನೂ ಅವನೇ. ಆ ಸಭೆ ನಡೆದುಕೊಂಡ ರೀತಿ ಕಠೋರವಾದದ್ದು. ಅದನ್ನು ಮೃದುಮಾಡಿ ಹೇಳಬೇಕಾಗಿಲ್ಲ. ಮನುಷ್ಯರು ನೋಯಿಸಿದರೆಂದು ಅವನು ದೇವರನ್ನು ಬಿಡಲಿಲ್ಲ, ಮನುಷ್ಯರನ್ನೂ ಬಿಡಲಿಲ್ಲ.

ಇಷ್ಟು ಕಟ್ಟುನಿಟ್ಟಿನ ಸಭೆಯವನಿಗೆ ಇಳಿವಯಸ್ಸಿನಲ್ಲಿ ಆಪ್ತನಾದವನು ದೇವರ ವಿಷಯದಲ್ಲಿ ಸಂಶಯವಾದಿಯಾಗಿದ್ದ ಜಾನ್ ಟಿಂಡಲ್. ಒಬ್ಬರನ್ನೊಬ್ಬರು ತಿದ್ದಲು ಅವರು ಹೋಗಲಿಲ್ಲ. ಫ್ಯಾರಡೆಯ ಮೊದಲ ಜೀವನಕಥೆಗಳಲ್ಲೊಂದನ್ನು ಪ್ರೀತಿಯಿಂದ ಬರೆದವನು ಈ ಟಿಂಡಲ್ಲನೇ. ತನ್ನ ಗೆಳೆಯನ ವಾರವಿಡೀ ಬತ್ತದ ಶಕ್ತಿಗೆ ಭಾನುವಾರದ ಊಟೆಯೇ ಮೂಲವೆಂದು ಅವನು ಗುರುತಿಸಿದ್ದ. ತಾನು ಆ ನೀರು ಕುಡಿಯದವನಾದರೂ ಗೆಳೆಯನ ಬಾಯಾರಿಕೆ ತಣಿಯುವುದನ್ನು ಕಂಡು ಒಪ್ಪಿಕೊಳ್ಳುವ ದೊಡ್ಡತನ ಅದು.

ಕೊನೆಯ ವರ್ಷಗಳಲ್ಲಿ ಮರೆವು ಗೆದ್ದಿತು. ಬಾಸೆಲ್‌ನ ಗೆಳೆಯ ಶೋನ್‌ಬೈನ್‌ಗೆ 1862ರಲ್ಲಿ ಬರೆದ ಪತ್ರದಲ್ಲಿ, ಬರೆದದ್ದನ್ನೆಲ್ಲ ಮತ್ತೆ ಮತ್ತೆ ಹರಿದುಹಾಕುತ್ತಿದ್ದೇನೆ, ಒಂದು ಸಾಲೂ ನೆಟ್ಟಗೆ ಬರುತ್ತಿಲ್ಲ ಎಂದು ತೋಡಿಕೊಂಡ. ಮರುವರ್ಷ ಸಾರಾಳಿಗೆ ಬರೆಯುತ್ತ, ಎದುರಿಗೆ ಕುಳಿತ ಸ್ನೇಹಿತರೂ ನೆನಪಿನಿಂದ ಜಾರುತ್ತಿದ್ದಾರೆ, ನನ್ನ ಮನಸ್ಸಿಗೆ ನೀನೇ ಮತ್ತೆ ತಲೆದಿಂಬಾಗಬೇಕು ಎಂದ. ಆದರೆ ಅದಕ್ಕೂ ಮುಂಚೆ, 1861ರಲ್ಲಿ, ಜಿನೀವಾದ ವಿಜ್ಞಾನಿ ದ ಲಾ ರೀವ್‌ಗೆ ಬರೆದ ಪತ್ರದ ಧಾಟಿಯೇ ಬೇರೆ. ಶಕ್ತಿಗಳೆಲ್ಲ ಒಂದೊಂದಾಗಿ ಹಿಂದೆ ಸರಿಯುತ್ತಿದ್ದರೂ ಒಂದು ನಿರೀಕ್ಷೆ ಮಾತ್ರ ಉಳಿದಿದೆ, ಅದರಿಂದಾಗಿ ಸಾವನ್ನು ನೆನೆದರೆ ಭಯಕ್ಕೆ ಬದಲು ಸಮಾಧಾನವಾಗುತ್ತದೆ, ಆ ಶಾಂತಿ ದೇವರ ಕೊಡುಗೆ ಎಂಬುದು ಅದರ ಸಾರ. ಬುದ್ಧಿಯಿಂದಲೇ ಲೋಕ ಗೆದ್ದವನು ಬುದ್ಧಿ ಮಸುಕಾಗುವುದನ್ನು ಕಣ್ಣಾರೆ ನೋಡುತ್ತ ಬರೆದ ಮಾತಿದು.

ನೈಟ್ ಪದವಿ ಬೇಡವೆಂದವನು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಒಲ್ಲೆನೆಂದವನು 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ, ತನ್ನ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿ ಆಡಂಬರವಿಲ್ಲದೆ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವನ ಹೆಸರಿದೆ, ಹುಟ್ಟಿದ ದಿನ, ಸತ್ತ ದಿನ ಇವೆ. ವಿದ್ಯುತ್ತಿನ ಸುದ್ದಿ ಅಲ್ಲಿಲ್ಲ.